ಎರಡನೇ ಭಾಗದ ಬೆನ್ನ ಹತ್ತಿ

ರಷ್ಯಾದವರ ವಿಡಂಬನೆ ಕಾದಂಬರಿ, ಅದೂ ಎರಡು ಮಹಾಯುದ್ಧಗಳ ನಡುವೆ ಇಂಗ್ಲಿಷಿನ್ಯಾಗ ಅಚ್ಚಾದ ಪ್ರತಿನ ಬೇಕು ಅಂತ ಹಟ ಹಿಡದಾವಗ ಬೆಳಗಾವ್ಯಾಗ ಸುಖ ಇಲ್ಲ. ಎಪ್ಪತ್ತರ ದಶಕದಿಂದ ನನ್ನ ಹಣೇಬರಹ ಇದ. ಅವು ನಗಸೂ ಪುಸ್ತಕ ಅಂತಾರ. ನನಗಂತೂ ಅಳಸ್ಯಾವು.

೧. ರದ್ದಿ ಅಂಗಡಿ

ಖಾಸಬಾಗದ ರದ್ದಿ ಅಂಗಡಿ ಚಾಚಾಗ ವರ್ಷಗಟ್ಟಲೆ ಹೇಳಿಟ್ಟಿದ್ದೆ. ಒಂದಿನ ಕರದು ಒಂದು ಪುಸ್ತಕ ಕೊಟ್ಟ. ಖರೇನ ಹಳೇ ಪ್ರತಿ. ಆದ್ರ ಮ್ಯಾಲಿನ ಚಿತ್ರದ ಹೊದಿಕೆ ಇಲ್ಲ. ಈ ಹುಚ್ಚಿನ್ಯಾಗ ಹೊದಿಕೆ ಅಂದ್ರ ಅರ್ಧಾ ಜೀವ.

"ಚಾಚಾ, ಹೊದಿಕೆ ಎಲ್ಲೈತಿ?"

"ಕಾಗದ ಭಾಳ ಗಟ್ಟಿ ಇತ್ರಿ. ಮೊಮ್ಮಗಳ ಗಣಿತದ ಪುಸ್ತಕಕ್ಕ ಹಾಕೀನಿ. ನೀವು ಓದಾವ್ರು, ನಿಮಗ ಒಳಗಿಂದು ಸಾಕಲ್ರಿ?"

೨. ಬೈಂಡಿಂಗ್

ಇನ್ನೊಂದು ಹಳೇ ಪ್ರತಿನ ಬೈಂಡಿಂಗ್ ಮಾಡಾವನ ಹತ್ರ ಕೊಟ್ಟೆ. ರಟ್ಟು ಛಲೋ ಹಾಕಿದ್ದ. ತಗದು ನೋಡಿದ್ರ, ಅಚ್ಚಾದ ವರ್ಷ ಇದ್ದ ಹಾಳಿನ ಇಲ್ಲ.

"ಭಾಳ ಹಳೇ ಇಸವಿ ಇತ್ರಿ ಸರ್. ನಾಕ ಮಂದಿ ನೋಡಿದ್ರ ನಿಮ್ಮ ಮರ್ಯಾದಿ ಏನಾಗಬೇಕು? ಹರದು ಒಗದೆ," ಅಂದ. ಮ್ಯಾಲೆ, ಮಾನ ಉಳಿಸೀನಿ, ಚಹಾ ಕುಡಸ್ರಿ ಅಂದ. ಕುಡಿಸಿದೆ.

೩. ಖಾನಾಪುರದ ಮಾಸ್ತರು

ಒಂದು ಕಾದಂಬರಿದು ಒಂದನೇ ಭಾಗ ಅಷ್ಟ ನನ್ನ ಹತ್ರ ಇತ್ತು. ಎರಡನೇದು ಇದ್ದದ್ದು ಖಾನಾಪುರದ ಒಬ್ಬರು ನಿವೃತ್ತ ಮಾಸ್ತರ ಹತ್ರ. ಮೂರು ವರ್ಷ ರೈಲಿನ್ಯಾಗ ದೇಸೂರ ದಾಟಿ ಹೋಗಿ ಹೋಗಿ ಕೈಕಾಲು ಹಿಡದೆ. ಕಡೀಕೆ, "ಮಗಳ ಲಗ್ನ ಮುಗೀಲಿ, ಬಂದು ಒಯ್ರಿ. ಅರ್ಧಾ ಪುಸ್ತಕ ಇಟಗೊಂಡು ನಾ ಏನ್ ಮಾಡ್ಲಿ?" ಅಂದ್ರು.

ಲಗ್ನಕ್ಕ ಹೋಗಾಕ ಮಚ್ಛೆ ಕಾರಖಾನ್ಯಾಗ ನನಗ ರಜಾ ಸಿಗಲಿಲ್ಲ. ಹೆಂಡತಿ ಒಬ್ಬಾಕೀನ ಹೋಗಿ ಉಡುಗೊರಿ ಕೊಟ್ಟು ಆಯಾರ ಮಾಡಿ ಬಂದ್ಲು. ಎಂಟು ದಿನ ಬಿಟ್ಟು ನಾ ಹೋದೆ. ಮಾಸ್ತರು ಬಾಗಲಿಗೆ ಬಂದು ಕೈ ಹಿಡಕೊಂಡ್ರು, ಕಣ್ಣಾಗ ನೀರು. ಮೇಜಿನ ಮ್ಯಾಲೆ ಎರಡೂ ಭಾಗ ಬಾಜೂಬಾಜೂ ಕುಂತಿದ್ವು. ಒಂದನೇದು ನಂದ. ಮೊದಲನೇ ಹಾಳಿ ಮ್ಯಾಲೆ ಹೆಂಡತಿ ಅಕ್ಷರದಾಗ ಶುಭಾಶಯ, ಕೆಳಗ ನನ್ನ ಹೆಸರು.

"ಎಷ್ಟು ದೊಡ್ಡ ಮನಸ್ರೀ ನಿಮ್ದು. 'ಸೀರಿ ಎಲ್ಲಾರೂ ಕೊಡ್ತಾರ, ಮಾಸ್ತರಿಗೆ ಇಂಥಾದ್ದ ಸೇರತೈತಿ' ಅಂತ ನಿಮ್ಮ ಮನ್ಯಾವ್ರು ಕೊಟ್ರು. ಈಗ ಜೋಡಿ ಒಡೀಬಾರದಲ್ರೀ?"

ಆಯಾರ ಕೊಟ್ಟದ್ದನ್ನ ಸತ್ತರೂ ವಾಪಸ್ ಕೇಳೂಹಂಗಿಲ್ಲ. ಹಲ್ಲು ಗಿಂಜಿ, "ಓದಾಕರೆ ಎರಡನೇದು ನಾಕ ದಿನ ಕೊಡ್ರಿ," ಅಂದೆ.

ಮಾಸ್ತರು ಎರಡೂ ಭಾಗ ಎದಿಗೆ ಅವಚಿಕೊಂಡ್ರು.

"ಇಲ್ಲೇ ಕುಂತು ಬೇಕಾದಷ್ಟು ಓದ್ರಿ. ನಿಮ್ಮ ಮನಿಗೆ ಮಾತ್ರ ಕೊಡೂದಿಲ್ಲ. ಅಲ್ಲಿ ಯಾರಿಗರೆ ಆಯಾರ ಮಾಡಿಬಿಡ್ತಾರ."