ಒಂದೇ ಟ್ರಂಕಿನಲ್ಲಿ ಶತ್ರು ಸೈನ್ಯ

ನಾಟಕಕ್ಕೆ ಸೀನರಿ ಬಾಡಿಗೆ ಕೊಡುವವನಿಗೆ ನೆಮ್ಮದಿ ಅನ್ನೋದೇ ಇಲ್ಲ. ಒಂದೂರಲ್ಲಿ ಪರದೆ ಇಳಿಸಿ ಉಸ್ಸಪ್ಪಾ ಅನ್ನುವಷ್ಟರಲ್ಲಿ ಇನ್ನೊಂದೂರಲ್ಲಿ ಏನಾದರೂ ಎಡವಟ್ಟು ಆಗಿಯೇ ಇರುತ್ತದೆ. ಮಧುಗಿರಿಯಲ್ಲಿ ಅಂಗಡಿ ಇಟ್ಟುಕೊಂಡು, ಬಟ್ಟೆ ಮೇಲೆ ಬರೆಸಿದ ಕೋಟೆ ಕಾಡು ಅರಮನೆಗಳನ್ನು ಕೊರಟಗೆರೆ, ಸಿರಾ, ಪಾವಗಡ ಅಂತ ಹೊತ್ತು ತಿರುಗಿದವನು ನಾನು. ಎಂಬತ್ತರ ದಶಕದ ಕೊನೆಯಲ್ಲಿ ಆದದ್ದಿದೆಯಲ್ಲ, ಅದನ್ನು ನೆನೆಸಿಕೊಂಡರೆ ಈಗಲೂ ಊಟದ ಮಧ್ಯೆ ನೆತ್ತಿ ಹತ್ತುತ್ತದೆ.

೧. ಮೇಷ್ಟ್ರಿಲ್ಲದ ಹಾರ್ಮೋನಿಯಂ

ಸಿರಾದ ರೇಡಿಯೋ ರಿಪೇರಿ ಸಾಹೇಬರು ನನ್ನ ಸ್ನೇಹಿತರು. ನನ್ನ ಮೈಕ್ ಸೆಟ್ ಕೆಟ್ಟಾಗಲೆಲ್ಲ ಅವರೇ ಗತಿ. ಒಂದು ದಿನ ಹೋದರೆ, ಅಂಗೈಯಗಲದ ಯಂತ್ರ ಹಿಡಿದು ಹೆಬ್ಬೆರಳು ಕುಣಿಸುತ್ತಾ ಕೂತಿದ್ದಾರೆ. ಸೌದಿಯಿಂದ ಬಂದ ಭಾಮೈದ ತಂದುಕೊಟ್ಟ ಗೇಮಂತೆ. ಅದರ ಬೆನ್ನಿಗೆ ಸಿಕ್ಕಿಸುವ ಕ್ಯಾಸೆಟ್ಟು ಬೆಂಕಿಪೊಟ್ಟಣಕ್ಕಿಂತ ಒಂಚೂರು ಅಗಲ, ಅಷ್ಟೆ. ಗಾಜಿನಲ್ಲಿ ನೋಡಿದರೆ ಬೆಟ್ಟ, ಕೋಟೆ, ಮೋಡ, ಹಿಂಡುಹಿಂಡು ಶತ್ರುಗಳು! ನನಗೆ ಹೊಟ್ಟೆ ಉರಿದುಹೋಯಿತು. ನನ್ನ ಒಂದು ಕೋಟೆ ಸಾಗಿಸಲಿಕ್ಕೇ ಅರ್ಧ ಲಾರಿ ಬೇಕು.

“ಇಷ್ಟೆಲ್ಲ ಇದರೊಳಗೆ ಹೆಂಗ್ರೀ ತುಂಬಿದ್ರು?” ಅಂದೆ. ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿಯೂ ನೋಡಿದೆ.

“ಅರೆ, ತುಂಬಿಲ್ಲ ಯಜಮಾನ್ರೇ, ಅದೇ ಚಾಲಾಕಿ! ಒಂದು ಇಟ್ಟಿಗೆ ಚಿತ್ರ ಐತೆ, ಅದನ್ನೇ ಜೋಡಿಸಿ ಜೋಡಿಸಿ ಕೋಟೆ. ಮೇಲಿಟ್ರೆ ಮೋಡ, ಅದನ್ನೇ ಕೆಳಗಿಟ್ರೆ ಪೊದೆ. ಶತ್ರುನೂ ಒಬ್ನೇ. ಅವನನ್ನೇ ಮತ್ತೆ ಮತ್ತೆ ಕಳಿಸ್ತಾರೆ. ಸತ್ರೆ ಮಾಯ, ಆ ಕಡೆಯಿಂದ ಮತ್ತೆ ಹಾಜರ್!”

“ಮತ್ತೆ ಹಾಡು?”

“ಹಾಡೂ ಇಲ್ಲ. ಯಾವ ಸ್ವರ, ಎಷ್ಟು ಹೊತ್ತು ಅಂತ ಮಾತ್ರ ಐತೆ. ಮಿಷಿನ್ನೇ ನುಡಿಸ್ಕೊಳ್ತದೆ.”

“ಅಂದ್ರೆ ಒಳಗೆ ಹಾರ್ಮೋನಿಯಂ ಮೇಷ್ಟ್ರಿಲ್ಲ! ಅದಕ್ಕೇ ಕಣ್ರೀ ಇಷ್ಟು ಜಾಗ ಉಳಿದಿರೋದು. ನಮ್ಮ ಮೇಷ್ಟ್ರು ಗಾಡೀಲಿ ಕೂತರೆ ಪರದೆಗಳೆಲ್ಲ ಹಿಂದೆ ನಡ್ಕೊಂಡು ಬರಬೇಕು!”

೨. ಟಾಪಿನ ಮೇಲೆ ಕೆರೆ

ಸ್ವಲ್ಪ ದಿನಕ್ಕೇ ಪಾವಗಡದ ಕಡೆ ಹಳ್ಳಿಯ ಒಬ್ಬ ಕುರಿ ಕಾಯುವವ ಬಂದ. ಅವರೂರ ಸ್ಕೂಲ್ ಮೇಷ್ಟ್ರು ಬರೆದ ನಾಟಕದಲ್ಲಿ ಅವನದು ರಾಜನ ಪಾರ್ಟು. ಅವನು ಕುರಿಗಳ ಮುಂದೆ ಡೈಲಾಗ್ ಹೊಡೆಯುತ್ತಾ ನಿಂತರೆ ಅವು ಪಕ್ಕದ ಹೊಲಕ್ಕೆ ನುಗ್ಗುತ್ತಿದ್ದವು, ಹೊಲದವರ ಬೈಗುಳ ತಿಂದು ತಿಂದು ಹೆಂಡತಿಗೆ ಸಾಕಾಗಿತ್ತು.

“ತೌರಿಗೆ ಹೊಂಟೋಗವ್ಳೆ ಕಣಣ್ಣೋ. ನಮ್ಮತ್ತೆ ನಾಟ್ಕ ನೋಡಾಕೆ ಬತ್ತಾವ್ಳೆ. ಚೆಂದಾಗಿದ್ರೆ ಮಗಳನ್ನ ಬುಟ್ಟೋಗ್ತೀನಿ, ಇಲ್ದಿದ್ರೆ ವಾಪಸ್ ಕರ್ಕೊಂಡೋಗ್ತೀನಿ ಅಂದವ್ಳೆ. ನನ್ ಸಂಸಾರ ನಿನ್ ಕೈಯಾಗದೆ!”

ಪಾಪ ಅನಿಸಿ ಒಪ್ಪಿಕೊಂಡುಬಿಟ್ಟೆ. ಆದರೆ ಕಡಲೆಕಾಯಿ ಸುಗ್ಗಿ, ಒಂದು ಲಾರಿಯೂ ಸಿಗಲಿಲ್ಲ. ಬಸ್ಸೇ ಗತಿ, ಒಂದೇ ಟ್ರಂಕು. ಆಗ ಸಾಹೇಬರ ಕ್ಯಾಸೆಟ್ಟು ನೆನಪಾಯಿತು. ಎರಡೂ ಮುಖಕ್ಕೆ ಬರೆಸಿದ್ದ ಒಂದು ಪರದೆ, ಈ ಕಡೆ ಕೋಟೆ, ಆ ಕಡೆ ಕಾಡು. ಹಾಸಿದರೆ ಕೆರೆಯಾಗುವ ಒಂದು ನೀಲಿ ಬಟ್ಟೆ, ಒಂದು ರಟ್ಟಿನ ಮೋಡ, ನಾಲ್ಕು ಭರ್ಜಿ. ಮುಗೀತು.

ಕಂಡಕ್ಟರ್ ಟ್ರಂಕು ಒದ್ದು ನೋಡಿದ. “ಏನ್ರೀ ಇದ್ರಾಗೆ?”

“ಒಂದು ಕೋಟೆ, ಒಂದು ಕಾಡು, ಒಂದು ಕೆರೆ, ಶತ್ರು ಸೈನ್ಯ,” ಅಂದೆ.

ಅವನು ನಗಲೇ ಇಲ್ಲ. “ಸೈನ್ಯ ಟಾಪ್ ಮೇಲೆ ಕುಂತ್ಕಳ್ಳಿ. ಕೆರೆ ತುಳುಕಿ ಪ್ಯಾಸೆಂಜರ್ ನೆಂದ್ರೆ ಮಾತ್ರ ನಿಮ್ಮನ್ನ ದಾರೀಲೇ ಇಳಿಸ್ಬುಡ್ತೀನಿ.”

೩. ಕೆಳಗಿಳಿದ ಮೋಡ

ದೀಪ ಹಚ್ಚುವ ಹೊತ್ತಿಗೆ ನಾಟಕ ಶುರುವಾಯಿತು. ಮುಂದಿನ ಚಾಪೆಯಲ್ಲೇ ಅತ್ತೆ, ಪಕ್ಕದಲ್ಲಿ ಮುಖ ಊದಿಸಿಕೊಂಡ ಮಗಳು. ಕೋಟೆ ಸೀನು ಚೆನ್ನಾಗಿಯೇ ಹೋಯಿತು. ಕಾಡಿನ ಸೀನಿಗೆ ಪರದೆ ತಿರುಗಿಸಿ, ಮೇಲೆ ತೂಗುತ್ತಿದ್ದ ಮೋಡವನ್ನು ಹಗ್ಗ ಸಡಿಲಿಸಿ ನೆಲಕ್ಕಿಳಿಸಿದೆ, ಪೊದೆಯಾಗಲಿ ಅಂತ.

“ಅದೇಮಿ, ಮಬ್ಬು ಕಿಂದಿಕಿ ದಿಗಿಂದಿ!” ಮೋಡ ಕೆಳಗಿಳಿಯಿತಲ್ಲ ಅಂತ ಅತ್ತೆ ತೆಲುಗಿನಲ್ಲೇ ಕೂಗಿಬಿಟ್ಟಳು.

ಹಿಂದೆ ಕೂತಿದ್ದ ಮುದುಕ ಗದರಿದ. “ಸುಮ್ಕಿರು ಕಣಮ್ಮ. ನಮ್ ಸೀಮೆಗೆ ಮೋಡ ಇಷ್ಟು ಹತ್ರ ಬಂದಿರೋದೇ ಹೆಚ್ಚು. ಹೆದರಿಸಿ ಓಡಿಸ್ಬುಟ್ಟೀಯ!”

೪. ಸತ್ತವರು ಮುಗಿಯಲಿಲ್ಲ

ಕೊನೆಗೆ ಯುದ್ಧ. ಸೈನ್ಯಕ್ಕೆ ನಾಲ್ಕೇ ಜನ, ಎಲ್ಲರೂ ಕುರಿ ಕಾಯುವವರೇ. “ಏಟು ಬಿದ್ದ ತಕ್ಷಣ ಉರುಳ್ಕೊಂಡು ಒಳಗೆ ಬನ್ನಿ, ಪರದೆ ಹಿಂದಿಂದ ಸುತ್ತಿ ಆ ಕಡೆಯಿಂದ ನುಗ್ಗಿ” ಅಂತ ಹೇಳಿಕೊಟ್ಟಿದ್ದೆ. ಯಾವಾಗ ನಿಲ್ಲಿಸಬೇಕು ಅಂತ ಹೇಳಿರಲಿಲ್ಲ, ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ!

ಮೊದಮೊದಲು ಜನ “ಅಬ್ಬಬ್ಬಾ, ಏನ್ ದಂಡು!” ಅಂದರು. ರಾಜ ಕಡಿದ, ಕಡಿದ, ಕಡಿದೇ ಕಡಿದ. ಕಿರೀಟ ಕಿವಿಗೆ ಜಾರಿತು. “ಮೇಷ್ಟ್ರೇ, ಇನ್ನೂ ಎಷ್ಟ್ ಜನ ಅವ್ರೆ?” ಅಂತ ಪರದೆ ಪಕ್ಕದಲ್ಲಿದ್ದ ನಾಟಕದ ಮೇಷ್ಟ್ರನ್ನು ಏದುಸಿರಲ್ಲಿ ಕೇಳಿದ. ಹಿಂಡಿನಲ್ಲಿ ಒಂದೊಂದು ಕುರಿಯನ್ನೂ ಮುಖ ನೋಡಿ ಗುರುತಿಸುವ ಕಣ್ಣು ಅವನದು. ಒಬ್ಬನ ಜುಟ್ಟು ಹಿಡಿದು ನಿಲ್ಲಿಸಿದ.

“ಲೇ, ನಿನ್ನ ಆಗ್ಲೇ ಸಾಯಿಸಿದ್ನಲ್ಲೋ!”

“ಊಂ ಕಣಣ್ಣ. ಸೀನರಿ ಯಜಮಾನ್ರು ಮತ್ತೆ ಬಾ ಅಂದವ್ರೆ.”

ಜನ ಬಿದ್ದು ಬಿದ್ದು ನಕ್ಕರು. ಅತ್ತೆ ಎದ್ದು ಮಗಳ ಕೈ ಹಿಡಿದಳು. ಅಯ್ಯೋ, ಒಂದು ಟ್ರಂಕು ಉಳಿಸಲು ಹೋಗಿ ಒಂದು ಸಂಸಾರ ಕಳೆದೆನಲ್ಲಪ್ಪಾ ಅಂತ ನನಗೆ ಅಳುವೇ ಬಂತು.

ಆದರೆ ಮಗಳು ಕೈ ಕೊಸರಿಕೊಂಡು, ಸೆರಗು ಸೊಂಟಕ್ಕೆ ಸಿಕ್ಕಿಸಿ ಸ್ಟೇಜು ಹತ್ತಿಬಿಟ್ಟಳು! ಬಿದ್ದಿದ್ದ ಭರ್ಜಿ ಎತ್ತಿಕೊಂಡು “ಟ್ರ್ರ್ರ್, ಹೋಯ್!” ಅಂತ ಕುರಿ ಅಟ್ಟುವ ಹಾಗೆ ಅಟ್ಟಿದಳು. ಸೈನ್ಯ ತಲೆ ತಗ್ಗಿಸಿ ಪರದೆ ಹಿಂದಕ್ಕೆ ಹೋಯಿತು. ದೊಡ್ಡಿಯ ಬಾಗಿಲು ಕಾಯುವವಳ ಹಾಗೆ ಭರ್ಜಿ ಅಡ್ಡ ಹಿಡಿದು ನಿಂತಳು. ಒಬ್ಬನೂ ಹೊರಗೆ ತಲೆ ಹಾಕಲಿಲ್ಲ.

ಆಮೇಲೆ ನೆಲಕ್ಕೆ ಕುಸಿದಿದ್ದ ರಾಜನ ಕಡೆ ತಿರುಗಿದಳು. “ಇನ್ನೂ ಯಾಕ್ ಕುಂತಿದೀಯ? ಮಂಗಳ ಹಾಡು. ಮನೆಗೋಗಾನ.”

ಜನ ಎದ್ದು ನಿಂತು ಶಿಳ್ಳೆ ಹೊಡೆದರು. ನಾನು ಟ್ರಂಕು ಕಟ್ಟುತ್ತಿದ್ದಾಗ ಅತ್ತೆ ಹತ್ತಿರ ಬಂದಳು. ಬೈಸಿಕೊಳ್ಳಲು ತಯಾರಾಗಿಯೇ ಕೈ ಮುಗಿದೆ.

“ನಾಟಕಂ ಬಾಗುಂದಿ ಸಾಮಿ,” ಅಂದಳು, ನಾಟಕ ಚೆನ್ನಾಗಿದೆ ಅಂತ. “ಅಳಿಯ ರಾಜನ ಪಾರ್ಟು ಮಾಡ್ಕಳ್ಳಿ ಬುಡು. ರಾಜ್ಯ ನಮ್ ಹುಡುಗಿ ನೋಡ್ಕಂತಾಳೆ.”