ಕಸಿಗುಲಾಬಿಯ ಕಸಿವಿಸಿ

ಕತ್ತರಿ ಹಿಡಿದು ಇಪ್ಪತ್ತೆರಡು ವರ್ಷವಾದ ದರ್ಜಿಗೆ ಸ್ವಂತ ಮನೆಯಲ್ಲಿ ಒಂದು ಗುಲಾಬಿ ಗಿಡದ ತುದಿ ಚಿವುಟುವ ಅಧಿಕಾರವೂ ಇಲ್ಲ ಎಂದರೆ ನೀವು ನಂಬಲಿಕ್ಕಿಲ್ಲ. ಊರಿನ ಅರ್ಧ ಜನರ ಸೊಂಟದ ಸುತ್ತಳತೆ ನನಗೆ ಬಾಯಿಪಾಠ. (ಉಳಿದರ್ಧ ಜನ ಸಿದ್ಧ ಉಡುಪು ಕೊಳ್ಳುತ್ತಾರೆ. ಅವರ ಸುದ್ದಿ ಬೇಡ.) ಅಂಥ ನಾನು ನಮ್ಮ ಮನೆಯಂಗಳದ ಎಂಟು ಕುಂಡಗಳ ಹತ್ತಿರ ಮಾತ್ರ ಕೈಕಟ್ಟಿಕೊಂಡು ನಡೆಯಬೇಕು. ಅದು ನನ್ನಾಕೆಯ ಸಾಮ್ರಾಜ್ಯ.

ಆ ಎಂಟರಲ್ಲಿ ನಡುವಿನದು ಪಟ್ಟದ ರಾಣಿ. ಮಾವನವರು ತೀರಿಕೊಳ್ಳುವ ಹಿಂದಿನ ವರ್ಷ ನಡುಗುವ ಕೈಯಲ್ಲೇ ಕಸಿ ಕಟ್ಟಿ ಮಗಳಿಗೆ ಕೊಟ್ಟ ಗಿಡ. ಸಂಜೆ ಬಿಸಿಲಿನ ಬಣ್ಣದ ಹೂ ಬಿಡುತ್ತದೆ. ಅದಕ್ಕೆ ನೀರು ಹಾಕುವಾಗ ಅವಳು ತಗ್ಗಿದ ದನಿಯಲ್ಲಿ ಏನೇನೋ ಹೇಳಿಕೊಳ್ಳುತ್ತಾಳೆ. ಮನೆಯ ಸುದ್ದಿಯನ್ನೆಲ್ಲ ಅಪ್ಪನಿಗೆ ಒಪ್ಪಿಸುತ್ತಿರಬೇಕು. ನನ್ನ ಸುದ್ದಿಯೂ ಅದರಲ್ಲಿ ಇರುತ್ತದೆ ಎಂಬ ಗುಮಾನಿಯಿಂದ ನಾನು ಆಗ ಒಳಗೇ ಇರುತ್ತೇನೆ.

ಹೋದ ವರ್ಷ ಅವಳ ಅಕ್ಕ ಮೆಟ್ಟಿಲಿನಿಂದ ಜಾರಿ ಕಾಲು ಮುರಿದುಕೊಂಡರು. ಇವಳು ಎರಡು ವಾರಕ್ಕೆಂದು ಹೊರಟಳು. ಹೊರಡುವಾಗ ಗ್ಯಾಸು, ಬೀಗ, ಹಾಲು ಎಲ್ಲದರ ಬಗ್ಗೆ ಹೇಳಿದ ಮೇಲೆ ಅಂಗಳದ ಕಡೆ ನೋಡಿ, "ದಿನಾ ಕುಂಡಕ್ಕೊಂದು ಚೊಂಬು ನೀರು ಹಾಕಿ. ಅಷ್ಟೇ. ಬುದ್ಧಿ ಉಪಯೋಗಿಸೋಕೆ ಹೋಗ್ಬೇಡಿ" ಎಂದಳು.

ಮೂರು ದಿನ ಬುದ್ಧಿಯನ್ನು ಅಟ್ಟದ ಮೇಲಿಟ್ಟು ನೀರು ಹಾಕಿದೆ. ನಾಲ್ಕನೆಯ ಬೆಳಿಗ್ಗೆ ಅದು ತಾನಾಗಿಯೇ ಇಳಿದು ಬಂತು. ನಡುವಿನ ಕುಂಡದಲ್ಲಿ ಬುಡದಿಂದಲೇ ಎದ್ದ ಒಂದು ದಪ್ಪ ಕೊಂಬೆ ಪೈಲ್ವಾನನಂತೆ ನೆಟ್ಟಗೆ ನಿಂತಿತ್ತು. ಪಕ್ಕದಲ್ಲಿ ನಾಲ್ಕೈದು ಸಣಕಲು ಕಡ್ಡಿಗಳು, ಎಲೆಯೂ ಅಷ್ಟಕ್ಕಷ್ಟೇ. ಒಂದು ತೋಳು ಉದ್ದ, ಒಂದು ತೋಳು ಗಿಡ್ಡ ಇರುವ ಅಂಗಿಯನ್ನು ಯಾವ ದರ್ಜಿ ಸಹಿಸುತ್ತಾನೆ ಹೇಳಿ? ಸಣಕಲುಗಳನ್ನು ತೆಗೆದುಬಿಟ್ಟರೆ ಪೈಲ್ವಾನನಿಗೆ ಶಕ್ತಿಯೆಲ್ಲ ಸಿಗುತ್ತದೆ, ಇವಳು ಬರುವಷ್ಟರಲ್ಲಿ ಗಿಡದ ತುಂಬ ಹೂ, ಇವಳ ಬಾಯಿ ತುಂಬ ನನ್ನ ಹೊಗಳಿಕೆ ಎಂದು ಲೆಕ್ಕ ಹಾಕಿ ಅಂಗಡಿಯ ದೊಡ್ಡ ಕತ್ತರಿ ತಂದೆ. ಐದು ಏಟಿಗೆ ಕೆಲಸ ಮುಗಿಯಿತು.

ಮಾಡಿದ್ದನ್ನು ಯಾರಿಗಾದರೂ ತೋರಿಸಬೇಕಲ್ಲ. ಪಕ್ಕದ ಮನೆಯ ನರ್ಸಮ್ಮನನ್ನು ಕರೆದೆ. ಅವರು ಆಸ್ಪತ್ರೆಯಿಂದ ನಿವೃತ್ತರಾಗಿ ಆರು ವರ್ಷವಾದರೂ ಯಾರನ್ನು ಕಂಡರೂ ಮೊದಲು ನಾಲಿಗೆ ನೋಡುವವರು. ಕನ್ನಡಕ ಏರಿಸಿ ಗಿಡದ ಬುಡ ನೋಡಿದರು. ಬಹಳ ಹೊತ್ತು ನೋಡಿದರು.

"ಇಲ್ಲಿ ಗಂಟಿದೆ ನೋಡಿ, ಇದು ಕಸಿ ಕಟ್ಟಿದ ಜಾಗ. ಗಂಟಿನ ಮೇಲಿಂದು ಅಸಲಿ ಗುಲಾಬಿ. ಕೆಳಗಿಂದ ಬಂದದ್ದು ಕಾಡುಗಿಡದ್ದು, ಅದರಲ್ಲಿ ಈ ಹೂ ಬಿಡಲ್ಲ. ನೀವು ಅಸಲೀನ ಪೂರ್ತಿ ಕತ್ತರಿಸಿ ಕಾಡನ್ನ ಉಳಿಸಿದ್ದೀರಿ."

ಕಸಿ ಗಿಡಕ್ಕೆ ಇತ್ತು, ಕಸಿವಿಸಿ ನನಗೆ ಶುರುವಾಯಿತು. ಮಾವನವರ ನಡುಗುವ ಕೈ ಕಣ್ಣ ಮುಂದೆ ಬಂತು. ಏನಾದರೂ ಉಪಾಯ ಇದೆಯೇ ಎಂದು ಕೇಳಿದ್ದಕ್ಕೆ, ಕತ್ತರಿಸಿದ ಕಡ್ಡಿಗಳನ್ನು ಒದ್ದೆ ಮರಳಿನಲ್ಲಿ ನೆಟ್ಟು, ಮೇಲೆ ಗಾಜಿನ ಜಾಡಿ ಮುಚ್ಚಿ, ಎರಡು ಗಂಟೆಗೊಮ್ಮೆ ನೀರು ಚಿಮುಕಿಸಿದರೆ ಒಂದಾದರೂ ಬದುಕೀತು ಎಂದು ಅವರು ಗಂಭೀರವಾಗಿ ಸಲಹೆ ಕೊಟ್ಟರು. ನೆರಳಲ್ಲಿರಬೇಕು, ಅಲುಗಾಡಿಸಬಾರದು. ಕಸದ ಬುಟ್ಟಿ ಬೋರಲು ಹಾಕಿ ಐದು ಕಡ್ಡಿ ಆರಿಸಿಕೊಂಡೆ. ಅಡುಗೆಮನೆಯ ಐದು ಜಾಡಿಗಳಲ್ಲಿದ್ದುದನ್ನು ಪಾತ್ರೆಗೆ ಸುರಿದು ಖಾಲಿ ಮಾಡಿದೆ.

ಎರಡು ಗಂಟೆಗೊಮ್ಮೆ ಅಂಗಡಿಯಿಂದ ಮನೆಗೆ ಓಡಿಬರುವುದು ಸಾಧ್ಯವೇ? ಐದು ರೋಗಿಗಳನ್ನೂ ಅಂಗಡಿಗೇ ಸಾಗಿಸಿ ಹೊಲಿಗೆ ಯಂತ್ರದ ಕೆಳಗೆ ಮಲಗಿಸಿದೆ. ಇಸ್ತ್ರಿಗೆ ನೀರು ಚಿಮುಕಿಸುವ ಬಾಟಲಿಯಿಂದಲೇ ಶುಶ್ರೂಷೆ ನಡೆಯಿತು. ದಿನಾ ಟೇಪು ಹಿಡಿದು ಅಳೆಯುತ್ತಿದ್ದೆ. ಒಂದು ನೂಲಿನಷ್ಟೂ ಬೆಳೆಯಲಿಲ್ಲ. ಈ ಚಿಂತೆಯಲ್ಲಿ ಶಾಲೆಯ ಹೆಡ್‌ಮಾಸ್ತರರ ಪ್ಯಾಂಟಿನ ಒಂದು ಕಾಲು ಮೊಣಕಾಲಿನ ಹತ್ತಿರಕ್ಕೇ ಮುಗಿದುಹೋಯಿತು. ಅವರು ಕನ್ನಡಿ ಮುಂದೆ ನಿಂತು ಆಚೆ ಕಾಲು, ಈಚೆ ಕಾಲು ನೋಡಿಕೊಂಡು, ತಪ್ಪು ತಮ್ಮ ಕಾಲಿನದೇ ಇರಬಹುದು ಎಂಬಂತೆ ಸುಮ್ಮನೆ ಬಿಚ್ಚಿಕೊಟ್ಟರು.

ಸಂಜೆ ಸಂಜೆ ಅವಳ ಫೋನು. ಅಕ್ಕನ ಕಾಲಿನ ವಿಚಾರವೆಲ್ಲ ಮುಗಿದ ಮೇಲೆ "ಹೂ?" ಎನ್ನುತ್ತಿದ್ದಳು. ನಾನು "ಹೂಂ" ಎನ್ನುತ್ತಿದ್ದೆ. ಹೆಚ್ಚು ಮಾತಾಡಿದರೆ ಸಿಕ್ಕಿಬೀಳುತ್ತೇನೆಂಬ ಭಯ. ದಿನಾ ತಟ್ಟೆಯಲ್ಲಿ ಅರ್ಧ ಅನ್ನ ಬಿಟ್ಟು ಏಳುತ್ತಿದ್ದೆ.

ಅವಳು ಬಂದ ದಿನ ಐದು ಜಾಡಿಗಳನ್ನೂ ಊಟದ ಮೇಜಿನ ಮೇಲೆ ಸಾಲಾಗಿಟ್ಟು ನಿಂತಿದ್ದೆ. ಒಂದೊಂದರಲ್ಲೂ ಒಣಗಿದಂತೆ ಕಾಣುವ ಒಂದೊಂದು ಕಡ್ಡಿ. ಚೀಲ ಕೆಳಗಿಡುವ ಮೊದಲೇ ಎಲ್ಲವನ್ನೂ ಹೇಳಿಬಿಟ್ಟೆ. ಕತ್ತರಿ, ಗಂಟು, ಕಸದ ಬುಟ್ಟಿ, ಒಂದನ್ನೂ ಮುಚ್ಚಿಡಲಿಲ್ಲ. ಕೊನೆಗೆ, "ನಿಮ್ಮಪ್ಪ ಕೊಟ್ಟದ್ದು ಅದೊಂದೇ ಇತ್ತು, ಅದನ್ನೂ ಹಾಳು ಮಾಡಿದೆ ಕಣೇ" ಎಂದೆ. ನಾಚಿಕೆಯಿಲ್ಲದೆ ಹೇಳುತ್ತೇನೆ, ಅತ್ತುಬಿಟ್ಟೆ.

ಅವಳು ನನ್ನನ್ನು ನೋಡಿದಳು, ಜಾಡಿಗಳನ್ನು ನೋಡಿದಳು. ಚೀಲ ಕೆಳಗಿಟ್ಟು ಹೊರಗೆ ಹೋದಳು. ತಿರುಗಿ ಬಂದಾಗ ತೋಳಲ್ಲಿ ಒಂದು ಕುಂಡ. ಅದರಲ್ಲಿ ಸಂಜೆ ಬಿಸಿಲಿನ ಬಣ್ಣದ ನಾಲ್ಕು ಹೂಗಳು. ಹಿಂದೆಯೇ ನರ್ಸಮ್ಮ, ಸೆರಗಿನಿಂದ ಬಾಯಿ ಮುಚ್ಚಿಕೊಂಡು.

"ಹೊರಡೋ ಹಿಂದಿನ ದಿನಾನೇ ಅಪ್ಪನ ಗಿಡ ಇವರ ಹಿತ್ತಲಿಗೆ ಸಾಗಿಸಿದ್ದೆ. ನಡುವೆ ಇಟ್ಟಿದ್ದು ಗಾಡಿಯವನ ಹತ್ರ ತಗೊಂಡ ಗಿಡ. ನಿಮ್ಮನ್ನ ನಂಬಿ ಬಿಟ್ಟು ಹೋಗೋಕಾಗುತ್ತಾ?" ಎಂದಳು ನನ್ನಾಕೆ.

ಎರಡು ವಾರ ಯಾಕೆ ಬಾಯಿ ಬಿಡಲಿಲ್ಲ ಎಂದು ನರ್ಸಮ್ಮನನ್ನು ಕೇಳಿದೆ. ಇವಳು ಯಾರಿಗೂ ಹೇಳಬೇಡಿ ಎಂದಿದ್ದಳಂತೆ. ಮೂವತ್ತು ವರ್ಷದ ಸರ್ವೀಸಿನಲ್ಲಿ ಅವರು ಯಾರ ಗುಟ್ಟನ್ನೂ ಬಿಟ್ಟುಕೊಟ್ಟವರಲ್ಲವಂತೆ. ನನಗೆ ಸಿಟ್ಟು ಬರಬೇಕಿತ್ತು. ಬಂದದ್ದು ಹಸಿವು. ಅವತ್ತು ಮೂರು ಸಲ ಬಡಿಸಿಕೊಂಡು ಉಂಡೆ. ಬಡಿಸುವಾಗ ಅವಳು ನನ್ನ ಭುಜದ ಮೇಲೆ ಒಂದು ಗಳಿಗೆ ಕೈಯಿಟ್ಟಳು. ಜಾಡಿಗಳನ್ನು ಮಾತ್ರ ಎಸೆಯಬೇಡಿ ಎಂದಳು.

ಐದರಲ್ಲಿ ನಾಲ್ಕು ಕೊಳೆತವು. ಒಂದು ಚಿಗುರಿತು. ಅದನ್ನು ಒಂಬತ್ತನೆಯ ಕುಂಡಕ್ಕೆ ಬದಲಾಯಿಸಿ, ಯಾವ ಕೊಂಬೆಗೂ ಕತ್ತರಿ ತಾಗಿಸದೆ ಸಾಕಿದೆ. ಏಳು ತಿಂಗಳಿಗೆ ತೆಳು ಗುಲಾಬಿ ಬಣ್ಣದ ಒಂದು ಹೂ ಬಿಟ್ಟಿತು. ಅವಳು ಅದನ್ನು ಮುಡಿದು ಪೇಟೆಗೆ ಹೋಗಿ, ಕೇಳಿದವರಿಗೂ ಕೇಳದವರಿಗೂ "ನಮ್ಮನೆಯವರು ಬೆಳೆಸಿದ್ದು" ಎಂದು ಹೇಳಿ ಬಂದಳು. ನನ್ನ ಎದೆಯಳತೆ ಎರಡು ಇಂಚು ಹೆಚ್ಚಾಯಿತು.

ಹೋದ ವಾರ ಅಕ್ಕನ ಇನ್ನೊಂದು ಕಾಲು ಮುರಿಯಿತು. ಬೆಳಗಿನ ಜಾವದ ಕತ್ತಲಲ್ಲೇ ಇವಳನ್ನು ಬಸ್ಸು ಹತ್ತಿಸಿ, ಈ ಸಲ ಇಡೀ ತೋಟ ನನ್ನ ಕೈಯಲ್ಲಿ ಎಂಬ ಹೆಮ್ಮೆಯಿಂದ ಮನೆಗೆ ಬಂದು ಚೊಂಬು ಹಿಡಿದು ಅಂಗಳಕ್ಕಿಳಿದೆ. ಅಂಗಳ ಬೋಳಾಗಿತ್ತು. ಒಂದೇ ಒಂದು ಕುಂಡವಿಲ್ಲ. ನಾನೇ ಬೆಳೆಸಿದ್ದೂ ಇಲ್ಲ.

ಕಾಂಪೌಂಡಿನ ಆಚೆಯಿಂದ ನರ್ಸಮ್ಮ ಕನ್ನಡಕ ಏರಿಸಿ ಇಣುಕಿದರು.

"ಎಲ್ಲಾ ಇಲ್ಲೇ ಇವೆ. ನೀವೂ ಹೊತ್ತಿಗೆ ಸರಿಯಾಗಿ ಊಟಕ್ಕೆ ಬಂದುಬಿಡಿ. ಒಂಬತ್ತು ಕುಂಡ, ಒಬ್ಬ ಗಂಡ ಅಂತ ಹೇಳಿ ಒಪ್ಪಿಸಿ ಹೋಗಿದ್ದಾಳೆ."