ಬೂಸಾ ಅಂಗಡಿಯ ನೀಲಿ ಜ್ವಾಲೆ

ಕೆಂಗೇರಿಯ ಬೂಸಾ ವ್ಯಾಪಾರಿ ಹನುಮಂತಯ್ಯನವರಿಗೆ ಬೀಗರ ಮನೆಯ ಸಿಲಿಂಡರ್ ಒಲೆಯ ಮೇಲೆ ತೀರದ ಮುನಿಸು. ರಾಜಾಜಿನಗರದ ಬೀಗ ವೆಂಕಟಸ್ವಾಮಿ ಬಂದಾಗಲೆಲ್ಲ ಅಡುಗೆಮನೆಯ ಹೊಗೆಗೆ ಕಣ್ಣೊರೆಸಿಕೊಂಡು, "ಗ್ಯಾಸಿಗೆ ಹೆಸರು ಬರೆಸಿ ಬೀಗರೇ, ಮೊಮ್ಮಕ್ಕಳ ಕಾಲಕ್ಕಾದ್ರೂ ಬರುತ್ತೆ" ಅನ್ನುತ್ತಿದ್ದರು.

ಅದಕ್ಕೇ ಹಿತ್ತಿಲಲ್ಲಿ ಗೋಬರ್ ಗ್ಯಾಸ್ ಗುಂಡಿ ಎದ್ದಿತು. (ಗುಂಡಿ ಏಳುವುದಿಲ್ಲ, ಇಳಿಯುತ್ತದೆ, ಎದ್ದದ್ದು ಹನುಮಂತಯ್ಯನವರ ಮೀಸೆ.) ಮನೆಯ ಎರಡು ಹಸುಗಳ ಸಗಣಿ ಅದರ ತಳಕ್ಕೂ ಸಾಲಲಿಲ್ಲ. ವ್ಯಾಪಾರಿಯ ತಲೆ ಓಡಿತು: ಬೂಸಾ ಕೊಳ್ಳುವ ಹಾಲಿನವರು ಒಂದು ಮಂಕರಿ ಸಗಣಿ ತಂದರೆ ಒಂದು ಸೇರು ಹಿಂಡಿ ಬಿಟ್ಟಿ. ತಿಂಗಳಲ್ಲಿ ಗುಂಡಿ ತುಂಬಿತು. ಭಾನುವಾರ ನೀಲಿ ಜ್ವಾಲೆಯ ಮೇಲೆ ಬೆಂದ ಒಬ್ಬಟ್ಟಿನೂಟಕ್ಕೆ ಬೀಗರಿಗೆ ಆಹ್ವಾನ ಹೋಯಿತು. ಶನಿವಾರವೇ ಹನುಮಂತಯ್ಯ ಸೌದೆ ಒಲೆಯನ್ನು ಹಾರೆ ಹಾಕಿ ಕೆಡವಿದರು.

"ಹೊಸದು ಹತ್ಕೊಳ್ಳೋ ಮುಂಚೆ ಹಳೇದನ್ನ ಯಾಕ್ರೀ ಕೆಡವ್ತೀರಿ?" ಎಂದರು ಹೆಂಡತಿ ಯಶೋದಮ್ಮ.

"ಇದು ವಿಜ್ಞಾನ ಕಣೇ. ನಿಂಗೆ ಅರ್ಥ ಆಗಲ್ಲ."

ಭಾನುವಾರ ಬೆಳಿಗ್ಗೆ ಯಶೋದಮ್ಮ ಹತ್ತೊಂಬತ್ತು ಕಡ್ಡಿ ಗೀರಿದರು. ವಿಜ್ಞಾನ ಒಂದು ಸಲ ಪುಸ್ಸೆಂದು ಸುಮ್ಮನಾಯಿತು. ಬೇಳೆ ತೊಳೆದಿಟ್ಟಿತ್ತು, ಕಣಕ ಕಲಸಿಟ್ಟಿತ್ತು, ಬೀಗರು ಬಸ್ಸು ಹತ್ತುವ ಹೊತ್ತಾಗಿತ್ತು.

ಗುಂಡಿ ಕಟ್ಟಿದ್ದ ಮೇಸ್ತ್ರಿ ಕೃಷ್ಣಯ್ಯ ಓಡಿ ಬಂದು, ಸಗಣಿ ತಂದಿದ್ದ ಹಾಲಿನವರಿಂದಲೇ ಗುಂಡಿಯ ಮೇಲಿನ ಡ್ರಮ್ಮು ಎತ್ತಿಸಿದ. ಒಳಗೆ ಗೇಣುದಪ್ಪ ಭತ್ತದ ಉಮಿ, ಚಾಪೆ ಹಾಸಿದಂತೆ ಗಟ್ಟಿಯಾಗಿ ಕೂತಿತ್ತು.

"ಇದು ಮುಚ್ಕೊಂಡಿದ್ರೆ ಗ್ಯಾಸ್ ಎಲ್ಲಿಂದ ಮೇಲೆ ಬರುತ್ತೆ ಸಾರ್? ಯಾರೋ ಸಗಣಿಗೆ ಉಮಿ ಬೆರೆಸವ್ರೆ."

ಹನುಮಂತಯ್ಯ ನೇರವಾಗಿ ಮುನಿತಾಯಮ್ಮನ ಕಡೆ ತಿರುಗಿದರು. ಉಲ್ಲಾಳದ ಈ ಹಾಲಿನಾಕೆ ತಂದಷ್ಟು ಮಂಕರಿ ಇನ್ಯಾರೂ ತಂದಿರಲಿಲ್ಲ. "ಮಂಕರಿ ತುಂಬ್ಲಿ ಅಂತ ಹಿಂಗೆಲ್ಲ ಬೆರೆಸೋದಾ? ಕಲಬೆರಕೆ ಮಾಡಿದ್ರೆ ದೇವರು ಮೆಚ್ತಾನೇನಮ್ಮ?"

"ನಾನ್ಯಾಕೆ ಬೆರೆಸ್ಲಿ ಸ್ವಾಮಿ. ಹಸು ಏನು ತಿಂದ್ರೆ ಅದನ್ನೇ ಹಾಕ್ತದೆ. ಬೂಸಾ ನಿಮ್ಮಂಗಡೀದು."

ಹಾಲಿನವರೆಲ್ಲ ಗುಂಡಿ ನೋಡುವುದನ್ನು ಬಿಟ್ಟು ಹನುಮಂತಯ್ಯನವರನ್ನು ನೋಡತೊಡಗಿದರು. ಅವರು ಕೆಮ್ಮಿದರು. "ಗಿರಣಿಯವನು ಬೆರೆಸಿರ್ಬೇಕು. ಕಾಲ ಕೆಟ್ಟೋಯ್ತು ನೋಡಿ."

ಅಷ್ಟರಲ್ಲಿ ಅಡುಗೆಮನೆಯಿಂದ ಯಶೋದಮ್ಮನ ದನಿ ಬಂತು. "ರೀ, ಪಕ್ಕದ ಮನೆಯಿಂದ ಉಮಿ ಸುಡೋ ಒಲೆ ಇಸ್ಕೊಂಡ್ಬಂದಿದೀನಿ. ಬೂಸಾಗೆ ಬೆರೆಸಕ್ಕೆ ಅಂತ ಗೋಡೌನ್ ಮೂಲೇಲಿ ಇಟ್ಟಿದೀರಲ್ಲ, ಆ ಉಮಿ ಚೀಲ ತನ್ನಿ. ಎರಡು ತನ್ನಿ, ಬೀಗರು ಆರು ಜನ."

ಹನುಮಂತಯ್ಯ ಗೋಡೌನಿಗೆ ಹೋಗಿ ಚೀಲ ಎಳೆದು ತಂದರು. ಹಾಲಿನವರು ಮರ್ಯಾದೆಯಿಂದ ದಾರಿ ಬಿಟ್ಟರು. ಮುನಿತಾಯಮ್ಮ ಒಂದು ತುದಿಗೆ ಕೈ ಕೊಟ್ಟು, ಮೆತ್ತಗೆ ಹೇಳಿದಳು:

"ಎಲ್ಲಾ ಒಲೆಗೇ ಸುರೀಬೇಡಿ ಸ್ವಾಮಿ. ನಾಳೆ ನಮ್ಮ ಬೂಸಾಗೆ ಬೇಕಲ್ಲ."